ಜಾನ್ ನ್ಯೂಟನ್ ಅಯ್ಯನವರ ಮಾನಸಾಂತರವು

ದೇವರ ಕೃಪೆಯನ್ನು ಕೊಂಡಾಡುವ ಇಂಗ್ಲಿಷ್ ಕೀರ್ತನೆಗಳಲ್ಲಿ ಅಮೇಜಿಂಗ್ ಗ್ರೇಸ್ ಎಂಬುದು ಲೋಕದ ಅನೇಕ ದೇಶಗಳಲ್ಲಿ ಹಾಡಲ್ಪಡುತ್ತದೆ. ಅದನ್ನು ರಚಿಸಿದ ಜಾನ್ ನ್ಯೂಟನ್ ಎಂಬವರು ಒಂದು ಕಾಲದಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದರೆಂಬ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿದಾಗ ಅವರ ಮನಸ್ಸು ತಿರುಗಿತೆಂಬುದನ್ನೂ ಕೇಳಿರಬಹುದು. ಆದರೆ ಆ ಬಿರುಗಾಳಿಯ ತರುವಾಯ ನಡೆದದ್ದನ್ನು ಹೇಳುವವರು ಕಡಿಮೆ. ತಾನು ನೋಯಿಸಿದ ತಂದೆಯ ವಿಷಯದಲ್ಲಿ, ತಾನು ಕೆಡಿಸಿದ ಸ್ನೇಹಿತನ ವಿಷಯದಲ್ಲಿ, ತಾನು ಸಂಕೋಲೆ ಹಾಕಿಸಿದ ಜನರ ವಿಷಯದಲ್ಲಿ ಆತನು ಏನು ಮಾಡಿದನು, ಏನು ಮಾಡಲಾರದೆ ಹೋದನು ಎಂಬದನ್ನೇ ಇಲ್ಲಿ ವಿವರಿಸುತ್ತೇವೆ.

ನ್ಯೂಟನನು 1725ನೆಯ ಇಸವಿ ಜುಲೈ ತಿಂಗಳಲ್ಲಿ ಲಂಡನ್ ಪಟ್ಟಣದ ಥೇಮ್ಸ್ ನದಿಯ ದಡದಲ್ಲಿರುವ ವಾಪಿಂಗ್ ಎಂಬ ಸ್ಥಳದಲ್ಲಿ ಹುಟ್ಟಿದನು. ತಂದೆಯ ಹೆಸರೂ ಜಾನ್ ನ್ಯೂಟನ್ ಎಂದೇ. ಅವನು ವ್ಯಾಪಾರದ ಹಡಗನ್ನು ನಡಿಸುವ ಕಪ್ತಾನನು. ನ್ಯಾಯವಂತನಾದರೂ ಬಹಳ ಬಿಗಿಯಾದ ಮನುಷ್ಯನು. ಹಡಗಿನ ಆಳುಗಳು ಹೇಗೆ ಅವನ ಮುಂದೆ ನಿಲ್ಲುತ್ತಿದ್ದರೋ ಹಾಗೆಯೇ ಮಗನೂ ಹೆದರಿಕೊಂಡು ನಿಲ್ಲುತ್ತಿದ್ದನು. ತಾಯಿಯಾದ ಎಲಿಜಬೆತ್ ದೈವಭಕ್ತೆ. ಒಬ್ಬನೇ ಮಗನಿಗೆ ಅವಳು ಎಳೆಯ ಪ್ರಾಯದಲ್ಲಿಯೇ ಓದು ಕಲಿಸಿ, ಸತ್ಯವೇದದ ಭಾಗಗಳನ್ನೂ ಪ್ರಶ್ನೋತ್ತರಗಳನ್ನೂ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿದಳು. ಅವನು ಬೋಧಕನಾಗಬೇಕೆಂಬುದು ಅವಳ ಆಶೆ. ಆದರೆ 1732ರಲ್ಲಿ, ಹುಡುಗನಿಗೆ 7 ವರುಷ ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ಅವಳು ಕ್ಷಯರೋಗದಿಂದ ತೀರಿಹೋದಳು. ತಂದೆಯು ಆಗ ಸಮುದ್ರದಲ್ಲಿದ್ದನು. ಹಿಂದಿರುಗಿ ಬಂದ ಮೇಲೆ ಅವನು ಮರುಮದುವೆ ಮಾಡಿಕೊಂಡು, ಮಗನನ್ನು ದೂರದ ಪಾಠಶಾಲೆಗೆ ಕಳುಹಿಸಿ, 11ನೆಯ ವರುಷದಲ್ಲಿ ತನ್ನ ಹಡಗಿಗೇ ಸೇರಿಸಿಕೊಂಡನು.

ಮಗನಿಗೆ ಒಂದು ಒಳ್ಳೆಯ ದಾರಿಯಾಗಬೇಕೆಂದು ತಂದೆಯು ಪ್ರಯಾಸಪಟ್ಟನೆಂಬುದರಲ್ಲಿ ಸಂದೇಹವಿಲ್ಲ. 1742ರಲ್ಲಿ ಲಿವರ್‌ಪೂಲ್ ಪಟ್ಟಣದ ವರ್ತಕನೂ ತನ್ನ ಸ್ನೇಹಿತನೂ ಆದ ಜೋಸೆಫ್ ಮ್ಯಾನೆಸ್ಟಿ ಎಂಬವನಿಗೆ ಹೇಳಿ, ಜಮೈಕ ದ್ವೀಪದಲ್ಲಿ ಮಗನಿಗೆ ಉದ್ಯೋಗವನ್ನು ಗೊತ್ತುಮಾಡಿದನು. ಹಡಗು ಹೊರಡುವುದಕ್ಕೆ ಮುಂಚೆ ಹುಡುಗನು ಕೆಂಟ್ ಸೀಮೆಗೆ ಒಂದು ಕೆಲಸದ ಮೇಲೆ ಹೋದವನು, ತಾಯಿಯ ಗೆಳತಿಯ ಮನೆಗೆ ಹೋಗಿ ಇಳಿದುಕೊಂಡನು. ಆ ಮನೆಯ ಹಿರಿಯ ಮಗಳಾದ ಮೇರಿ ಕ್ಯಾಟ್ಲೆಟ್ ಎಂಬವಳನ್ನು ಕಂಡು ಅವನ ಮನಸ್ಸು ಅವಳಲ್ಲಿ ನಿಂತುಹೋಯಿತು. ಮೂರು ದಿನಗಳೆಂದು ಹೋದವನು ಮೂರು ವಾರ ಉಳಿದು, ಬೇಕೆಂದೇ ಹಡಗನ್ನು ತಪ್ಪಿಸಿಕೊಂಡನು. ತಂದೆಗೆ ಉಂಟಾದ ಕೋಪವು ಸ್ವಲ್ಪವಲ್ಲ. ಹಾಗಾದರೂ ಕ್ಷಮಿಸಿ ಮತ್ತೊಂದು ಹಡಗಿನಲ್ಲಿ ಕಳುಹಿಸಿದನು. ಅಲ್ಲಿಂದ ಹಿಂದಿರುಗಿದಾಗಲೂ ಮಗನು ಅದೇ ಮನೆಯಲ್ಲಿ ನಿಂತು, ಎರಡನೆಯ ಸಲವೂ ತಂದೆಯ ಏರ್ಪಾಡನ್ನು ಕೆಡಿಸಿದನು. ಈ ಸಾರಿ ತಂದೆಯು ಅವನನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟನು.

ಆ ಕಾಲದಲ್ಲಿ ಇಂಗ್ಲೆಂಡಿನ ಯುದ್ಧದ ಹಡಗುಗಳಿಗೆ ಆಳುಗಳು ಸಾಲದೆ ಹೋದರೆ, ಸರಕಾರದ ಜನರು ಬೀದಿಯಲ್ಲಿ ಕಂಡ ನಾವಿಕರನ್ನು ಬಲಾತ್ಕಾರದಿಂದ ಹಿಡಿದೊಯ್ಯುತ್ತಿದ್ದರು. 1744ರಲ್ಲಿ ನ್ಯೂಟನನು ಅಂಥವರ ಕೈಗೆ ಸಿಕ್ಕಿ ಹಾರ್ವಿಚ್ ಎಂಬ ಯುದ್ಧದ ಹಡಗಿಗೆ ಸೇರಿಸಲ್ಪಟ್ಟನು. ತಂದೆಯು ಆಗಲೂ ಸುಮ್ಮನಿರದೆ ಕಪ್ತಾನನಿಗೆ ಹೇಳಿಸಿ, ಮಗನಿಗೆ ಕೆಳದರ್ಜೆಯ ಅಧಿಕಾರಿಯ ಸ್ಥಾನವನ್ನು ಕೊಡಿಸಿದನು. ಅಲ್ಲಿಯೇ ನ್ಯೂಟನನು ನಾಸ್ತಿಕರ ಸಹವಾಸಕ್ಕೆ ಬಿದ್ದು, ತಾಯಿಯು ಕಲಿಸಿದ್ದೆಲ್ಲವನ್ನೂ ಹಾಸ್ಯಮಾಡುವವನಾದನು. ತಾನು ಕೆಟ್ಟದ್ದು ಸಾಲದೆಂಬಂತೆ, ಅದೇ ಹಡಗಿನಲ್ಲಿದ್ದ ಜೋಬ್ ಲೂಯಿಸ್ ಎಂಬ ಶಾಂತಸ್ವಭಾವದ ಯೌವನಸ್ಥನನ್ನು ಹತ್ತಿರ ಸೇರಿಸಿಕೊಂಡು, ದೇವರಿಲ್ಲ, ನ್ಯಾಯತೀರ್ಪಿಲ್ಲ, ಮನಸ್ಸು ಬಂದಂತೆ ನಡೆಯುವುದೇ ಸ್ವಾತಂತ್ರ್ಯವೆಂದು ಅವನ ಕಿವಿಯಲ್ಲಿ ಊದಿದನು. ಆ ಹುಡುಗನು ನಂಬಿದನು. ವಾಚಕರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಲಿ, ಮುಂದೆ ಬರುತ್ತದೆ.

ಹಾರ್ವಿಚ್ ಹಡಗು ಇಂಡಿಯದ ಕಡೆಗೆ ಐದು ವರುಷಗಳ ಪ್ರಯಾಣಕ್ಕೆ ಹೊರಡುವುದೆಂದು ತಿಳಿದಾಗ ನ್ಯೂಟನನು ಓಡಿಹೋದನು. ಎರಡು ದಿನದಲ್ಲಿ ಸೈನಿಕರು ಅವನನ್ನು ಹಿಡಿದು ತಂದರು. ಬೇಡಿ ಹಾಕಿ, ಎಲ್ಲರ ಮುಂದೆ ಬಟ್ಟೆ ಕಳಚಿ ಚಾವಟಿಯಿಂದ ಹೊಡೆದು, ಸ್ಥಾನದಿಂದ ಇಳಿಸಿಬಿಟ್ಟರು. ಕೊನೆಗೆ ಮಡೀರ ದ್ವೀಪದ ಹತ್ತಿರ ಕಪ್ತಾನನು ಅವನನ್ನು ಆಫ್ರಿಕಕ್ಕೆ ಹೋಗುವ ಒಂದು ವ್ಯಾಪಾರದ ಹಡಗಿಗೆ ಬದಲಾಯಿಸಿ ಕೈತೊಳೆದುಕೊಂಡನು.

ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯಾದ ಒಬ್ಬ ಬಿಳಿಯನ ಕೈಕೆಳಗೆ ನ್ಯೂಟನನು ಕೆಲಸಕ್ಕೆ ನಿಂತನು. ಅಲ್ಲಿ ಜ್ವರದಿಂದ ಮಲಗಿದಾಗ ಯಜಮಾನನ ಹೆಂಡತಿಯು ಅವನಿಗೆ ಕುಡಿಯುವ ನೀರನ್ನು ಕೊಡಿಸುವುದಕ್ಕೂ ಬೇಸರಪಟ್ಟಳು. ಹಸಿವು ತಾಳಲಾರದೆ ಅವನು ರಾತ್ರಿಯಲ್ಲಿ ಹೊಲಕ್ಕೆ ತೆವಳಿಹೋಗಿ ಹಸಿ ಗೆಡ್ಡೆಗಳನ್ನು ಕಿತ್ತು ತಿಂದನು. ಆಗ ಅವನಿಗೆ ಗುಟ್ಟಾಗಿ ಊಟ ತಂದುಕೊಟ್ಟವರು ಯಾರು? ಸಂಕೋಲೆಯಲ್ಲಿದ್ದ ಗುಲಾಮರೇ. ತಮಗೆ ಅಳೆದುಕೊಟ್ಟ ಸ್ವಲ್ಪ ಆಹಾರದಲ್ಲಿ ಒಂದು ಪಾಲನ್ನು ಅವರು ಈ ಬಿಳಿಯನಿಗಾಗಿ ಉಳಿಸಿದರು. ಈ ಸಂಗತಿಯನ್ನು ನ್ಯೂಟನನು ತಾನೇ ಬರೆದಿಟ್ಟಿದ್ದಾನೆ. ಇಲ್ಲವಾದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಅವನು ಆ ದುರವಸ್ಥೆಯಿಂದ ತಂದೆಗೆ ಕಾಗದಗಳನ್ನು ಬರೆದನು. ತಂದೆಯು ಮ್ಯಾನೆಸ್ಟಿಯನ್ನು ಬೇಡಿಕೊಂಡನು. ಮ್ಯಾನೆಸ್ಟಿಯು ಆ ಕರಾವಳಿಗೆ ಹೋಗುವ ಗ್ರೇಹೌಂಡ್ ಎಂಬ ತನ್ನ ಹಡಗಿನ ಕಪ್ತಾನನಿಗೆ ಈ ಹುಡುಗನನ್ನು ಹುಡುಕಿ ತರಬೇಕೆಂದು ಆಜ್ಞಾಪಿಸಿದನು. ಹೀಗೆ 1747ರಲ್ಲಿ ಅವನು ಸಿಕ್ಕಿದನು. ಅಷ್ಟರೊಳಗೆ ಬೇರೊಬ್ಬ ಯಜಮಾನನ ಹತ್ತಿರ ಅವನಿಗೆ ಲಾಭವು ಹತ್ತಿದ್ದರಿಂದ, ಹಿಂದಿರುಗುವ ಮನಸ್ಸೇ ಇರಲಿಲ್ಲ. ಮೇರಿಯನ್ನು ನೋಡುವ ಆಶೆ ಒಂದೇ ಅವನನ್ನು ಹಡಗು ಹತ್ತಿಸಿತು.

1748ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಅಟ್ಲಾಂಟಿಕ್ ಮಹಾಸಮುದ್ರದ ನಡುವೆ ಬಿರುಗಾಳಿಯು ಆ ಹಡಗನ್ನು ಹಿಡಿಯಿತು. ರಾತ್ರಿಯಲ್ಲಿ ಅಲೆಯು ಒಳನುಗ್ಗಿದಾಗ ನ್ಯೂಟನನು ಮೇಲಕ್ಕೆ ಓಡಿದನು. ಕಪ್ತಾನನು ಚೂರಿಯನ್ನು ತರುವುದಕ್ಕೆ ಅವನನ್ನು ಹಿಂದಕ್ಕೆ ಕಳುಹಿಸಿದನು. ಅವನಿಗೆ ಬದಲಾಗಿ ಮೇಲೆ ಹೋದವನನ್ನು ಅಲೆಯು ಕೊಚ್ಚಿಕೊಂಡು ಹೋಯಿತು. ಬೆಳಗಿನ ಜಾವದಿಂದ ಮಧ್ಯಾಹ್ನದ ವರೆಗೂ ಅವನು ನೀರನ್ನು ಹೊರಹಾಕುವ ಯಂತ್ರವನ್ನು ಒತ್ತಿದನು, ತರುವಾಯ ನಡುರಾತ್ರಿಯ ವರೆಗೂ ಚುಕ್ಕಾಣಿಯನ್ನು ಹಿಡಿದನು. ಚುಕ್ಕಾಣಿಯ ಹತ್ತಿರ ಒಬ್ಬನೇ ನಿಂತಿದ್ದ ಆ ತಾಸುಗಳಲ್ಲಿ ತಾಯಿಯ ಬಾಯಿಂದ ಕಲಿತ ವಾಕ್ಯಗಳು ಒಂದೊಂದಾಗಿ ನೆನಪಿಗೆ ಬಂದವು. ತಾನು ಹಾಸ್ಯಮಾಡಿದ ಕ್ರಿಸ್ತನು ತನ್ನಂಥವನನ್ನೂ ಅಂಗೀಕರಿಸುವನೋ ಎಂದು ಅವನು ಮೊದಲನೆಯ ಸಾರಿ ಯೋಚಿಸಿದನು. ನಾಲ್ಕು ವಾರಗಳ ಮೇಲೆ, ಆಹಾರವು ಮುಗಿಯುವ ಸಮಯದಲ್ಲಿ, ಮುರಿದ ಆ ಹಡಗು ಐರ್ಲೆಂಡ್ ದೇಶದ ರೇವನ್ನು ಮುಟ್ಟಿತು.

ಅಲ್ಲಿಂದ ಅವನು ತಂದೆಗೆ ಬರೆದನು. ಹಡಗು ಮುಳುಗಿಹೋಗಿರಬೇಕೆಂದು ನಂಬಿದ್ದ ತಂದೆಗೆ ಮಗನು ಸತ್ತು ತಿರುಗಿ ಬದುಕಿದಂತಾಯಿತು. ಆದರೆ ಆ ಸಮಯದಲ್ಲಿ ತಂದೆಯು ಉತ್ತರ ಅಮೆರಿಕದ ಹಡ್ಸನ್ ಕೊಲ್ಲಿಯಲ್ಲಿರುವ ಯಾರ್ಕ್ ಕೋಟೆಗೆ ಅಧಿಪತಿಯಾಗಿ ನೇಮಕಹೊಂದಿ ಪ್ರಯಾಣಕ್ಕೆ ಸಿದ್ಧನಾಗಿದ್ದನು. ಮಗನನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಬೇಕೆಂದು ಬಯಸಿದ್ದರೂ ಕಾಯುವುದಕ್ಕೆ ಆಗಲಿಲ್ಲ. ನ್ಯೂಟನನು ಇಂಗ್ಲೆಂಡನ್ನು ಮುಟ್ಟುವುದಕ್ಕೆ ಮುಂಚೆಯೇ ಅವನ ಹಡಗು ಹೊರಟುಹೋಯಿತು. ಹೊರಡುವುದಕ್ಕೆ ಮೊದಲು ಆ ಬಿಗಿಯಾದ ಮನುಷ್ಯನು ಒಂದು ಕೆಲಸವನ್ನು ಮಾಡಿದನು. ಕೆಂಟ್ ಸೀಮೆಗೆ ತಾನೇ ಹೋಗಿ, ಯಾವ ಹುಡುಗಿಗೋಸ್ಕರ ಮಗನು ಎರಡು ಸಾರಿ ತನ್ನ ಮಾತನ್ನು ಮೀರಿದನೋ ಅವಳ ಮನೆಯವರನ್ನು ಕಂಡು, ಮದುವೆಗೆ ತನ್ನ ಒಪ್ಪಿಗೆಯನ್ನು ಕೊಟ್ಟುಹೋದನು. ಮಗನು ಇನ್ನೂ ಬಂದು ಕಾಲಿಗೆ ಬೀಳುವುದಕ್ಕೆ ಮುಂಚೆಯೇ ತಂದೆಯ ಮನಸ್ಸು ಇಳಿದಿತ್ತು.

ಆದರೂ ಕಾಗದದಲ್ಲಿ ಬರೆದದ್ದು ನ್ಯೂಟನನಿಗೆ ಸಾಲಲಿಲ್ಲ. ತನ್ನ ಅವಿಧೇಯತೆಯಿಂದ ತಂದೆಗೆ ಉಂಟಾದ ದುಃಖಕ್ಕಾಗಿ ಎದುರಿಗೆ ನಿಂತು ಕ್ಷಮೆಯನ್ನು ಬೇಡಬೇಕೆಂದು ಅವನು ನಿಶ್ಚಯಿಸಿಕೊಂಡು, ತಂದೆಯ ಅಧಿಕಾರದ ವರುಷಗಳು ಮುಗಿಯುವುದನ್ನು ಕಾಯುತ್ತಿದ್ದನು. ಆ ಚಳಿಯ ದೇಶದಿಂದ ಪ್ರೀತಿಯ ಕಾಗದಗಳು ಎರಡು ಮೂರು ಬಂದವು. 1750ನೆಯ ಇಸವಿ ಫೆಬ್ರವರಿ 1ರಂದು ಮೇರಿಯೊಂದಿಗೆ ಮದುವೆಯೂ ಆಯಿತು. ಕೊನೆಗೆ ತಂದೆಯನ್ನು ಕರೆತರಬೇಕಾದ ಹಡಗು ಬಂತು, ತಂದೆ ಬರಲಿಲ್ಲ. ಹಡಗು ಆ ಕೊಲ್ಲಿಗೆ ತಲಪುವುದಕ್ಕೆ ಸ್ವಲ್ಪ ಮುಂಚೆ, ಸ್ನಾನಮಾಡುತ್ತಿರುವಾಗ ಮೈಸೆಳೆತವುಂಟಾಗಿ ಅವನು ನೀರಿನಲ್ಲಿ ಮುಳುಗಿ ಸತ್ತಿದ್ದನು. ಕ್ಷಮೆಯು ದೊರೆತಿತ್ತು, ಅದನ್ನು ಬೇಡುವ ಸಮಯವು ದೊರೆಯಲಿಲ್ಲ. ಒಂದೇ ಊರಿನಲ್ಲಿ, ಒಂದೇ ಬಾವಿಯ ನೀರು ಕುಡಿದು, ಗದ್ದೆಯ ಬದುವಿನ ವಿಷಯವಾಗಿ ತಂದೆಯ ಸಂಗಡ ಮಾತು ಬಿಟ್ಟವರು ನಮ್ಮ ಸಭೆಗಳಲ್ಲಿ ಇಲ್ಲವೇ? ಅವರಿಗೆ ಹಡಗನ್ನು ಕಾಯುವ ಅಗತ್ಯವೂ ಇಲ್ಲ.

ಇನ್ನು ಹೇಳಬೇಕಾದದ್ದು ಹೆಚ್ಚು ಕಷ್ಟದ ಸಂಗತಿ. ಬಿರುಗಾಳಿಯಲ್ಲಿ ದೇವರನ್ನು ಕೂಗಿದವನು ಆ ಮೇಲೆ ಗುಲಾಮರ ವ್ಯಾಪಾರವನ್ನು ಬಿಟ್ಟನೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಅದೇ ವರುಷದಲ್ಲಿ ಗುಲಾಮರ ಹಡಗಿನ ಎರಡನೆಯ ಅಧಿಕಾರಿಯಾಗಿ ಆಫ್ರಿಕಕ್ಕೆ ಹೋಗಿ ಹಳೆಯ ಪಾಪಗಳಿಗೆ ತಿರುಗಿ ಬಿದ್ದನು. ಜ್ವರವು ಹಿಡಿದು ಕೆಡವಿದಾಗ ಪುನಃ ಎದ್ದನು. 1750ರಿಂದ 1754ರ ವರೆಗೂ ಮೂರು ಸಾರಿ ತಾನೇ ಕಪ್ತಾನನಾಗಿ ಮನುಷ್ಯರನ್ನು ಕೊಂಡುತಂದನು. ಹಿಂದೆ ಹಸಿವಿನಿಂದ ಬಿದ್ದುಕೊಂಡಿದ್ದ ಸ್ಥಳದಲ್ಲಿ ಅವನು ಯಜಮಾನನಿಗಾಗಿ ನಿಂಬೆಯ ಗಿಡಗಳನ್ನು ನೆಟ್ಟಿದ್ದನು. ಇವು ಫಲ ಕೊಡುವ ಹೊತ್ತಿಗೆ ನೀನು ಕಪ್ತಾನನಾಗಿ ಬರಬಹುದೆಂದು ಯಜಮಾನನು ಅಂದು ಹಾಸ್ಯಮಾಡಿದ್ದನು. ಈಗ ಅವನು ಕಪ್ತಾನನಾಗಿಯೇ ಬಂದು ಅದೇ ಗಿಡಗಳಿಂದ ಹಣ್ಣು ಕಿತ್ತನು. ದೇವರ ಉಪಕಾರವೆಂದು ಅವನು ಅದನ್ನು ಎಣಿಸಿಕೊಂಡನು. ತನಗೆ ಅನ್ನವಿಟ್ಟವರ ಜನಾಂಗವನ್ನೇ ಹಡಗಿನ ಅಡಿಯಲ್ಲಿ ಸಂಕೋಲೆಯಿಂದ ಕಟ್ಟಿಸಿ, ಮೇಲೆ ಆದಿತ್ಯವಾರದ ಪ್ರಾರ್ಥನೆಯನ್ನು ನಡಿಸಿದನು. ದಂಗೆಯ ಒಳಸಂಚನ್ನು ತಿಳಿಯುವುದಕ್ಕಾಗಿ ಹುಡುಗರ ಹೆಬ್ಬೆರಳುಗಳನ್ನು ಕಬ್ಬಿಣದ ಇಕ್ಕಳದಲ್ಲಿ ಇರುಕಿಸಿದನು. ಆಗ ಇಂಗ್ಲೆಂಡಿನಲ್ಲಿ ಆ ವ್ಯಾಪಾರವು ಮರ್ಯಾದೆಯ ಉದ್ಯೋಗವಾಗಿತ್ತು, ಸಭೆಯವರಲ್ಲಿ ಬಹು ಮಂದಿ ಅದನ್ನು ಪಾಪವೆನ್ನುತ್ತಿರಲಿಲ್ಲ ಎಂದು ಹೇಳಿ ಅವನನ್ನು ಸಮರ್ಥಿಸುವವರಿದ್ದಾರೆ. ಅದು ನಿಜವೇ; ಆದರೂ ಆ ಗುಲಾಮರ ಅನ್ನವನ್ನು ಉಂಡಿದ್ದವನು ಅವನು.

ಈ ಪ್ರಯಾಣಗಳ ಕಾಲದಲ್ಲಿಯೇ ಲಿವರ್‌ಪೂಲಿನಲ್ಲಿ ಜೋಬ್ ಲೂಯಿಸನು ಅವನಿಗೆ ಎದುರಾದನು. ಹಾರ್ವಿಚ್ ಹಡಗಿನಲ್ಲಿದ್ದ ಆ ಶಾಂತನಾದ ಹುಡುಗನು ಈಗ ಕುಡುಕನೂ ದೇವದೂಷಕನೂ ಆಗಿದ್ದನು. ನ್ಯೂಟನನ ಎದೆಯು ಒಡೆದುಹೋಯಿತು. ತಾನು ಕಲಿಸಿದ್ದೆಲ್ಲಾ ಸುಳ್ಳೆಂದು ಅವನಿಗೆ ಬಿಡಿಸಿ ಹೇಳಿದನು, ತನ್ನಲ್ಲಿ ಉಂಟಾದ ಬದಲಾವಣೆಯನ್ನು ವಿವರಿಸಿದನು, ಬೇಡಿಕೊಂಡನು. ಅದಕ್ಕೆ ಲೂಯಿಸನು, ಈ ಸ್ವಾತಂತ್ರ್ಯದ ಮಾತನ್ನು ಮೊಟ್ಟಮೊದಲು ತನಗೆ ತಿಳಿಸಿದವನು ನೀನೇ ಅಲ್ಲವೇ ಎಂದು ಉತ್ತರಕೊಟ್ಟನು. ಆ ಒಂದು ಮಾತಿಗೆ ನ್ಯೂಟನನ ಬಾಯಿ ಕಟ್ಟಿಹೋಯಿತು.

ಹಾಗೆಂದು ಅವನು ಕೈಬಿಡಲಿಲ್ಲ. ಕೆಲಸವಿಲ್ಲದಿದ್ದ ಲೂಯಿಸನನ್ನು ತನ್ನ ಹಡಗಿನಲ್ಲಿಯೇ ಜೊತೆಗಾರನಾಗಿ ಕರೆದುಕೊಂಡು ಹೋದನು. ತಿಂಗಳುಗಟ್ಟಲೆ ಹತ್ತಿರವಿದ್ದರೆ ಅವನ ಮನಸ್ಸನ್ನು ತಿರುಗಿಸಬಹುದೆಂದು ಯೋಚಿಸಿದನು. ತಿರುಗಲಿಲ್ಲ. ಅವನ ನಡತೆಯಿಂದ ಹಡಗಿನ ಆಳುಗಳು ಕೆಡುವುದಕ್ಕೆ ತೊಡಗಿದಾಗ, ನ್ಯೂಟನನು ಆಫ್ರಿಕದ ಕರಾವಳಿಯಲ್ಲಿ ಒಂದು ಚಿಕ್ಕ ಹಡಗನ್ನು ಕೊಂಡು ಅವನನ್ನು ಅದಕ್ಕೆ ಕಪ್ತಾನನಾಗಿ ಮಾಡಿ, ಬಹಳ ಬುದ್ಧಿ ಹೇಳಿ ಕಳುಹಿಸಿದನು. ತಡೆಯುವವರು ಇಲ್ಲದೆಹೋದ ಕೂಡಲೇ ಲೂಯಿಸನು ಮನಸ್ಸು ಬಂದಂತೆ ನಡೆದು, ಕೆಲವೇ ದಿನಗಳೊಳಗೆ ಜ್ವರಕ್ಕೆ ಬಿದ್ದು ಸತ್ತನು. ಸಾಯುವಾಗ ಅವನು ದೇವರ ಕರುಣೆಯನ್ನು ಬೇಡದೆ, ತನಗೆ ನಾಶನವೇ ಎಂದು ಹುಚ್ಚನಂತೆ ಕೂಗಾಡಿದನೆಂದು ಹತ್ತಿರವಿದ್ದವರು ಬಂದು ತಿಳಿಸಿದರು. ತಂದೆಯ ವಿಷಯದಲ್ಲಿ ನ್ಯೂಟನನಿಗೆ ಆ ಪ್ರೀತಿಯ ಕಾಗದಗಳಾದರೂ ಉಳಿದಿದ್ದವು. ಇಲ್ಲಿ ಏನೂ ಉಳಿಯಲಿಲ್ಲ. ತಾನು ಮಾನಸಾಂತರಪಟ್ಟ ಮಾತ್ರಕ್ಕೆ ತಾನು ಬಿತ್ತಿದ ಬೀಜವು ಸಾಯುವುದಿಲ್ಲವೆಂಬುದನ್ನು ಅವನು ಆ ಕರಾವಳಿಯಲ್ಲಿ ಕಂಡನು. ಕಂಡದ್ದನ್ನು ಮರೆಮಾಡದೆ ತನ್ನ ಜೀವನಚರಿತ್ರೆಯಲ್ಲಿ ಬರೆದನು.

1754ರ ಕೊನೆಯಲ್ಲಿ, ನಾಲ್ಕನೆಯ ಪ್ರಯಾಣಕ್ಕೆ ಹಡಗು ಸಿದ್ಧವಾಗಿರುವಾಗ, ಅವನು ಹಠಾತ್ತಾಗಿ ಮೂರ್ಛೆ ಬಂದು ಬಿದ್ದನು. ವೈದ್ಯರ ಮಾತಿನಂತೆ ಸಮುದ್ರದ ಕೆಲಸವನ್ನು ಬಿಟ್ಟು, ಲಿವರ್‌ಪೂಲ್ ರೇವಿನಲ್ಲಿ ಸುಂಕದ ಅಧಿಕಾರಿಯಾದನು. ಅಲ್ಲಿ ಗ್ರೀಕ್ ಮತ್ತು ಇಬ್ರಿಯ ಭಾಷೆಗಳನ್ನು ಕಲಿತು, ಅನೇಕ ತಡೆಗಳ ಮೇಲೆ 1764ರಲ್ಲಿ ಬೋಧಕನಾಗಿ ಅಭಿಷೇಕಹೊಂದಿ ಓಲ್ನಿ ಎಂಬ ಊರಿಗೆ ಹೋದನು. ತಾಯಿಯ ಆಶೆಯು ಅವಳು ಸತ್ತ 32 ವರುಷಗಳ ಮೇಲೆ ನೆರವೇರಿತು. ಇನ್ನು ಮುಂದೆ ನಾವು ಅವರನ್ನು ಅಯ್ಯನವರೆಂದು ಕರೆಯುವುದು ಯುಕ್ತ.

ಓಲ್ನಿಯ ಬಡವರು ಮನೆಗಳಲ್ಲಿ ಕುಳಿತು ಲೇಸು ಹೆಣೆದು ಜೀವಿಸುವವರು. ಅವರ ನಡುವೆ ನ್ಯೂಟನ್ ಅಯ್ಯನವರು 16 ವರುಷ ಕೆಲಸಮಾಡಿದರು. ಮನೋವ್ಯಾಧಿಯಿಂದ ನರಳುತ್ತಿದ್ದ ವಿಲಿಯಂ ಕೂಪರ್ ಎಂಬ ಕವಿಗೆ ಆಶ್ರಯವಾಗಿ ನಿಂತು, ಅವನ ಸಂಗಡ ಕೂಡಿ 348 ಕೀರ್ತನೆಗಳ ಪುಸ್ತಕವನ್ನು 1779ರಲ್ಲಿ ಅಚ್ಚುಹಾಕಿಸಿದರು. 1780ರಲ್ಲಿ ಲಂಡನ್ ಪಟ್ಟಣದ ಸೇಂಟ್ ಮೇರಿ ವೂಲ್ನಾತ್ ದೇವಾಲಯಕ್ಕೆ ವರ್ಗವಾಯಿತು.

ಲಂಡನಿನಲ್ಲಿ ಅವರ ಮನೆಯ ಬಾಗಲು ಅಪರಾಧದ ಭಾರವನ್ನು ಹೊತ್ತುಕೊಂಡು ಬರುವವರಿಗೆ ತೆರೆದಿತ್ತು. ಅಂಥವರಲ್ಲಿ ಸ್ಕಾಟ್ಲೆಂಡ್ ದೇಶದ ಕ್ಲಾಡಿಯಸ್ ಬುಕಾನನ್ ಎಂಬ ಯೌವನಸ್ಥನು ಒಬ್ಬನು. ಒಬ್ಬ ಶ್ರೀಮಂತನ ಸಂಗಡ ಯೂರೋಪು ಖಂಡದಲ್ಲಿ ಸಂಚಾರಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ ಅವನು ಮನೆಯನ್ನು ಬಿಟ್ಟು ಬಂದಿದ್ದನು. ನಿಜವಾಗಿ ಪಿಟೀಲು ಬಾರಿಸುತ್ತಾ ಅಲೆದು, ಲಂಡನಿಗೆ ಬಂದು ಸೇರಿ, ದೂರದೇಶದಿಂದ ಬರೆಯುವವನಂತೆ ಮನೆಗೆ ಕಾಗದಗಳನ್ನು ಕಳುಹಿಸುತ್ತಿದ್ದನು. 1791ರಲ್ಲಿ ಅಯ್ಯನವರ ಪ್ರಸಂಗವನ್ನು ಕೇಳಿ ಅವರ ಬಳಿಗೆ ಬಂದನು. ತರುವಾಯ ತಾಯಿಗೆ ಸಂಗತಿಯನ್ನೆಲ್ಲಾ ಮರೆಮಾಡದೆ ಬರೆದು ತಿಳಿಸಿದನು. ಇದೇ ಬುಕಾನನನು ಮುಂದೆ ಕಲ್ಕತ್ತೆಗೆ ಬೋಧಕನಾಗಿ ಬಂದು, 1806ರಲ್ಲಿ ನಮ್ಮ ನೆರೆಯ ಮಲೆಯಾಳ ದೇಶದ ಸುರಿಯಾನಿ ಸಭೆಗಳನ್ನು ಸಂದರ್ಶಿಸಿ, ಮಲೆಯಾಳ ಭಾಷೆಯಲ್ಲಿ ಸುವಾರ್ತೆಗಳು ಸಿದ್ಧವಾಗುವುದಕ್ಕೆ ಸಹಾಯಮಾಡಿದವನು.

ಗುಲಾಮರ ವಿಷಯದಲ್ಲಿ ಅಯ್ಯನವರು ಬಹಳ ಕಾಲ ಬಹಿರಂಗವಾಗಿ ಮಾತಾಡಲಿಲ್ಲ. ಬಿರುಗಾಳಿಯಿಂದ 40 ವರುಷಗಳ ಮೇಲೆ, 1788ರಲ್ಲಿ, ಆಫ್ರಿಕದ ಗುಲಾಮರ ವ್ಯಾಪಾರದ ವಿಷಯವಾಗಿ ಒಂದು ಚಿಕ್ಕ ಪುಸ್ತಕವನ್ನು ಬರೆದರು. ತನ್ನ ಈ ಅರಿಕೆಯು ತಡವಾಗಿ ಬಂದಿತೆಂದು ಒಪ್ಪಿಕೊಂಡು, ತಾನು ಕಂಡದ್ದನ್ನೂ ತನ್ನ ಕೈಯಿಂದಲೇ ನಡೆದದ್ದನ್ನೂ ಅದರಲ್ಲಿ ವಿವರಿಸಿದರು: ಕಪಾಟಿನಲ್ಲಿ ಪುಸ್ತಕಗಳನ್ನು ಜೋಡಿಸಿದಂತೆ ಮನುಷ್ಯರನ್ನು ಮಲಗಿಸುವುದು, ರೋಗಗಳು, ಚಾವಟಿಯ ಪೆಟ್ಟುಗಳು, ರಾತ್ರಿಯಲ್ಲಿ ಅಳುತ್ತದೆಂದು ಒಬ್ಬ ಅಧಿಕಾರಿಯು ತಾಯಿಯ ತೋಳಿನಿಂದ ಕಿತ್ತು ಸಮುದ್ರಕ್ಕೆ ಎಸೆದ ಕೂಸು. ಇಂಥದ್ದನ್ನು ಬರೆದರೆ ಲಂಡನಿನ ಹೆಸರಾದ ಬೋಧಕನ ಮಾನವು ಏನಾದೀತೆಂದು ಅವರು ಲೆಕ್ಕಿಸಲಿಲ್ಲ. ಅದೇ ವರುಷ ಅರಸನ ಪ್ರಿವಿ ಕೌನ್ಸಿಲಿನ ಮುಂದೆಯೂ ತರುವಾಯ ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ನಿಂತು ಸಾಕ್ಷಿ ಹೇಳಿದರು. ಆ ವ್ಯಾಪಾರವನ್ನು ನಿಲ್ಲಿಸುವುದಕ್ಕೆ ಪಾರ್ಲಿಮೆಂಟಿನಲ್ಲಿ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸನು 1785ರಲ್ಲಿ ಮನಸ್ಸಿನ ತಳಮಳದಿಂದ ಗುಟ್ಟಾಗಿ ಬಂದು ಕಂಡದ್ದು ಇವರನ್ನೇ. ರಾಜ್ಯದ ಕೆಲಸವನ್ನು ಬಿಡಬೇಡವೆಂದು ಇವರೇ ಅವನಿಗೆ ಬುದ್ಧಿ ಹೇಳಿದ್ದರು. ಹೊತ್ತುಮಾರಿದ ಜನರಲ್ಲಿ ಒಬ್ಬರನ್ನಾದರೂ ಹುಡುಕಿ ಕ್ಷಮೆ ಬೇಡುವುದಕ್ಕೆ ಇವರಿಗೆ ಯಾವ ದಾರಿಯೂ ಇರಲಿಲ್ಲ. ಅವರ ಹೆಸರುಗಳು ಸಹ ಹಡಗಿನ ಲೆಕ್ಕದಲ್ಲಿ ಇರಲಿಲ್ಲ; ಸಂಖ್ಯೆಗಳಿದ್ದವು.

1790ರಲ್ಲಿ ಮೇರಿಯಮ್ಮನವರು ತೀರಿಹೋದರು. ಅಯ್ಯನವರು ಕಣ್ಣು ಮಂಜಾಗಿ, ಕಿವಿ ಮಂದವಾಗಿ, ಪ್ರಸಂಗದ ನಡುವೆ ಮಾತು ಮರೆಯುವ ವರೆಗೂ ಪೀಠವನ್ನು ಬಿಡಲಿಲ್ಲ. 1807ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಬ್ರಿಟಿಷರ ಹಡಗುಗಳು ಗುಲಾಮರನ್ನು ಸಾಗಿಸಬಾರದೆಂಬ ಕಾಯಿದೆಯು ಹುಟ್ಟಿತು. ಅದೇ ವರುಷ ಡಿಸೆಂಬರ್ 21ರಂದು, 82ನೆಯ ಪ್ರಾಯದಲ್ಲಿ, ಅಯ್ಯನವರು ನಿದ್ರೆಹೋದರು. ತಮ್ಮ ಗೋರಿಯ ಕಲ್ಲಿನ ಬರಹವನ್ನು ತಾವೇ ಮುಂಚಿತವಾಗಿ ಬರೆದಿಟ್ಟಿದ್ದರು. ಬೋಧಕರೆಂಬುದರ ಸಂಗಡ, ಒಂದು ಕಾಲದಲ್ಲಿ ನಾಸ್ತಿಕನೂ ದುರ್ನಡತೆಯವನೂ ಆಗಿದ್ದವನು, ಆಫ್ರಿಕದಲ್ಲಿ ಗುಲಾಮರಿಗೆ ಆಳಾಗಿದ್ದವನು ಎಂಬುದನ್ನು ಅದರಲ್ಲಿ ಕೆತ್ತಿಸಿದರು. 1893ರಲ್ಲಿ ಅವರ ಮತ್ತು ಮೇರಿಯಮ್ಮನವರ ಅಸ್ಥಿಗಳನ್ನು ಲಂಡನಿನಿಂದ ತೆಗೆದು ಓಲ್ನಿಯ ದೇವಾಲಯದ ಅಂಗಳದಲ್ಲಿ ಹೂಣಿಟ್ಟರು. ಆ ಬರಹವು ಅಲ್ಲಿಯ ಕಲ್ಲಿನ ಮೇಲೆಯೂ ಇದೆ.